ತಣ್ಣಗಿದ್ದ ಎಂಜಿನ್

ಹಳೇ ಬೈಕು ಮಾರುವ ಅಂಗಡಿಯೊಂದರಲ್ಲಿ, ದೇಶವೆಲ್ಲ ಸುತ್ತಿ ಬಣ್ಣ ಮಾಸಿದ ಟೂರಿಂಗ್ ಬೈಕೊಂದು ಮೂಲೆ ಸೇರಿತ್ತು. ಇವತ್ತೂ ಮಾರಾಟವಾಗದಿದ್ದರೆ ಅದನ್ನು ಗುಜರಿಗೆ ಹಾಕುವುದೆಂದು ಮಾಲೀಕ ಹೇಳಿಯಾಗಿತ್ತು.

ಪಕ್ಕದಲ್ಲಿ ಅದೇ ವಯಸ್ಸಿನ ಇನ್ನೊಂದು ಬೈಕು ಹೊಸದಾಗಿ ಕೆಂಪು ಬಣ್ಣ ಬಳಿಸಿಕೊಂಡು ಮಿಂಚುತ್ತಿತ್ತು. "ಗಿರಾಕಿ ಬರುತ್ತಾರೆಂದು ಮಾಲೀಕರು ಬೆಳಿಗ್ಗೆಯೇ ನನ್ನನ್ನು ಓಡಿಸಿ ಬಿಸಿ ಮಾಡಿದ್ದಾರೆ. ನಿನ್ನನ್ನು ಮುಟ್ಟಿದವರೂ ಇಲ್ಲ," ಎಂದಿತು ಅದು.

ಗಿರಾಕಿ ದೇಚಮ್ಮ ಬಂದವಳೇ ಕೆಂಪು ಬೈಕಿನ ಎಂಜಿನ್ ಮೇಲೆ ಅಂಗೈ ಇಟ್ಟಳು. "ಯಾಕ್ರೀ ಮೊದಲೇ ಬಿಸಿ ಮಾಡಿಟ್ಟಿದ್ದೀರಿ? ತಣ್ಣಗಿದ್ದರೆ ಸ್ಟಾರ್ಟ್ ಆಗಲ್ಲ ಅಂತಲಾ?"

ಮಾಲೀಕ ತಲೆ ಕೆರೆದುಕೊಂಡ.

ಅವಳು ಮೂಲೆಗೆ ನಡೆದು ಮುದಿ ಬೈಕನ್ನು ಮುಟ್ಟಿ ನೋಡಿದಳು. ಅದು ಬಂಡೆಯಂತೆ ತಣ್ಣಗಿತ್ತು. ಸ್ಟಾರ್ಟರ್ ಗುಂಡಿ ಒತ್ತಿದ್ದೇ ತಡ, ಅಂಗಡಿಯ ತಗಡಿನ ಚಾವಣಿ ನಡುಗುವಂತೆ ಅದು ಗುಡುಗಿತು.

ದೇಚಮ್ಮನನ್ನು ಹೊತ್ತು ಅದು ಗೇಟು ದಾಟುವಾಗ ಕೆಂಪು ಬೈಕು ಕೇಳಿತು: "ನಿನ್ನಲ್ಲಿ ಅವಳು ಏನು ಕಂಡಳು?"

"ನೀನೇ ಹೇಳಿದೆಯಲ್ಲ, ನನ್ನನ್ನು ಯಾರೂ ಮುಟ್ಟಿರಲಿಲ್ಲವೆಂದು," ಎಂದ ಮುದಿ ಬೈಕು ಘಾಟಿಯ ದಾರಿ ಹಿಡಿಯಿತು.