ಸಾಲಿನ ಕೆಳಗಿನ ಬೆರಳು

"ಗುರುಗಳೇ, ಕಾಗದದ ಗಮನ ಪರೀಕ್ಷೆಯನ್ನು ಆನ್‌ಲೈನ್‌ಗೆ ತರುತ್ತಿದ್ದೇನೆ. ಅದೇ ಅಕ್ಷರ, ಅದೇ ಸಾಲು, ಅದೇ ಸಮಯ. ಇದರಲ್ಲಿ ಕೆಡುವುದೇನಿದೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದೂರಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಊರಿನ ಹೆಸರು ಕೇಳಬೇಡ, ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ. ಮೆಟ್ಟಿಲಿಂದ ಬಿದ್ದು ಅವನ ತಲೆಗೆ ಪೆಟ್ಟಾಯಿತು. ವಾಸಿಯೂ ಆಯಿತು. ಆದರೆ ಗಮನ ನೆಟ್ಟಗಿದೆ ಎಂದು ವೈದ್ಯ ಹೇಳಿದರಷ್ಟೇ ಸ್ಟೇರಿಂಗ್ ಕೊಡುತ್ತೇವೆ ಎಂದರು ಬಸ್ಸಿನವರು.

ವೈದ್ಯನ ಬಳಿ ಹಳೆಯದೊಂದು ಪರೀಕ್ಷೆ ಇತ್ತು. ಹಾಳೆಯ ತುಂಬ ಪ, ವ, ಷ ಬೆರೆಸಿ ಅಚ್ಚು ಹಾಕಿದ್ದರು. ಪ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೀಟು ಹಾಕಬೇಕು. ವೈದ್ಯ ಎದುರಿಗೆ ಕೂತು ನೋಡುತ್ತಿದ್ದ. ಆ ವರ್ಷ ಅವನು ಅದನ್ನು ಆನ್‌ಲೈನ್‌ಗೆ ಏರಿಸಿದ. ಪ ಕಂಡಲ್ಲಿ ಪರದೆ ಮುಟ್ಟಿದರಾಯಿತು. ಎದುರಿಗೆ ಕೂರುವ ಕೆಲಸ ತಪ್ಪಿತು.

ಡ್ರೈವರ್ ಮನೆಯಲ್ಲೇ ಪರೀಕ್ಷೆ ಕೊಟ್ಟ. ಒಂದನೇ ಕ್ಲಾಸಿನ ಮೇಷ್ಟ್ರು ಕಲಿಸಿದಂತೆ ಸಾಲಿನ ಕೆಳಗೆ ಬೆರಳಿಟ್ಟು ಓದುವವನು ಅವನು. ಇಲ್ಲೂ ಇಟ್ಟ. ಬೆರಳು ತಗುಲಿದ ವ, ಷಗಳೆಲ್ಲ ತಪ್ಪು ಉತ್ತರಗಳಾದವು. ಗಮನ ಇಲ್ಲ ಎಂದು ಫಲಿತಾಂಶ ಬಂತು.

ಅವನು ವೈದ್ಯನಲ್ಲಿಗೆ ಓಡಿಬಂದ. "ಸಾರ್, ಒಂದು ಪ ಬಿಟ್ಟಿದ್ದರೆ ತೋರಿಸಿ."

"ಬಿಟ್ಟಿಲ್ಲ ಮಾರಾಯ. ಬಿಡಬೇಕಾದ್ದನ್ನೂ ಬಿಟ್ಟಿಲ್ಲ ನೀನು. ನಿನ್ನ ಕೈಗೆ ಬಸ್ಸು ಕೊಟ್ಟರೆ ಫುಟ್‌ಪಾತಿನವರನ್ನೂ ಬಿಡೋದಿಲ್ಲ!"

ವೈದ್ಯ ನಕ್ಕ. ಡ್ರೈವರೂ ನಕ್ಕ. ಬಾಗಿಲು ದಾಟುವಾಗ ಅವನ ನಗು ನಿಂತಿತು.

ಬಸ್ಸು ಬೇರೆಯವನಿಗೆ ಹೋಯಿತು. ಹೋಗಲಿ, ಊರಲ್ಲಿ ಬೇರೆ ಬಸ್ಸುಗಳಿದ್ದವು. ಆದರೆ ಅವನು ಫಲಿತಾಂಶವನ್ನು ನಂಬಿಬಿಟ್ಟ. ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡತೊಡಗಿದ. ಮೊಮ್ಮಗಳ ಕೈಹಿಡಿದು ರಸ್ತೆ ದಾಟುವುದನ್ನು ಬಿಟ್ಟ. "ನೆಟ್ಟಗಿದ್ದೀರಲ್ಲ ರೀ, ಏನಾಗಿದೆ ನಿಮಗೆ?" ಎಂದಳು ಹೆಂಡತಿ. "ನಿನಗೇನು ಗೊತ್ತು? ಕಂಪ್ಯೂಟರೇ ಹೇಳಿದೆ," ಎಂದ. ಎದುರಿಗೆ ಯಾರು ಮಾತಾಡಿದರೂ ಅವನೊಳಗೆ ಅದೊಂದೇ ಓಡುತ್ತಿತ್ತು.

ಬಹಳ ದಿನಗಳ ಮೇಲೆ ವೈದ್ಯ ತನ್ನ ತಾಯಿಯನ್ನು ನೋಡಿದ. ಆಕೆ ಮೊಬೈಲಿನ ಮೇಲೆ ಬೆರಳಿಟ್ಟು ಪಂಚಾಂಗ ಓದುತ್ತಿದ್ದಳು. ಬೆರಳು ತಗುಲಿ ಹಾಳೆ ಹಾರಿದಾಗಲೆಲ್ಲ ಬೈಯುತ್ತಿದ್ದಳು. ಡ್ರೈವರ್ ಕೂಡ ಹೀಗೇ ಬೆರಳಿಟ್ಟಿರಬೇಕು ಎಂದು ವೈದ್ಯನಿಗೆ ಆಗ ಹೊಳೆಯಿತು. ಅವನು ಪರೀಕ್ಷೆಯನ್ನು ತಿದ್ದಿದ, ಸಾಲುಗಳ ನಡುವೆ ಬೆರಳಿಗೆ ಜಾಗ ಮಾಡಿದ. ಡ್ರೈವರನ್ನು ಕರೆಸಿ, ಎದುರಿಗೆ ತಾನೇ ಕೂತು, ಇನ್ನೊಮ್ಮೆ ಕೊಡಿಸಿದ.

ಗುರು ಅಲ್ಲಿಗೆ ನಿಲ್ಲಿಸಿದರು.

"ಈ ಸಲವಾದರೂ ಪರೀಕ್ಷೆ ನಿಜ ಹೇಳಿತೇ?" ಎಂದು ಶಿಷ್ಯ ಕೇಳಿದ.

"ಹೇಳಿತು, ಅಷ್ಟರಲ್ಲಿ ಅವನ ಗಮನ ನಿಜವಾಗಿಯೂ ಹೋಗಿತ್ತು," ಎಂದರು ಗುರು.