ಒಂದು ತೋಳಿಗೆ ಜಡೆ ಇಲ್ಲದ ಸ್ವೆಟರ್

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಾಳೆ ನಾನು ಬೇರೆ ಊರಿನ ಮಠಕ್ಕೆ ಹೊರಡುತ್ತೇನೆ. ಅಲ್ಲಿನ ಜನರ ಬದುಕೇ ಬೇರೆ. ನೀವು ಕಲಿಸಿದ್ದನ್ನು ಅವರಿಗಾಗಿ ಒಂದಿಷ್ಟು ಬದಲಿಸಿದರೆ ತಪ್ಪಾಗುತ್ತದೆಯೇ? ಒಂದನ್ನು ಬದಲಿಸಿದರೆ ಅದರ ಪಕ್ಕದ್ದನ್ನೂ ಬದಲಿಸಬೇಕಾಗುತ್ತದೆ. ಕೊನೆಗೆ ನಿಮ್ಮದೆಂದು ಏನೂ ಉಳಿಯದೆ ಹೋದರೆ ಎಂದು ಭಯವಾಗುತ್ತದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಚಳಿ ಹೆಚ್ಚಾಗಿರುವ ಒಂದು ಬೆಟ್ಟದೂರಿನಲ್ಲಿ ನೀಲಾ ಎಂಬ ಸೊಸೆಯೊಬ್ಬಳು ಅತ್ತೆಯ ಜೊತೆ ಇದ್ದಳು. ಅವಳು ಸ್ವೆಟರ್ ಹೆಣೆಯುವುದನ್ನು ಮದುವೆಗೆ ಮುಂಚೆಯೇ ಒಬ್ಬ ಟೀಚರ್ ಹತ್ತಿರ ಕಲಿತಿದ್ದಳು. ಆ ಟೀಚರ್ ಬಹಳ ಬಿಗಿ. ಒಂದು ಕುಣಿಕೆ ತಪ್ಪಿದರೂ ಇಡೀ ದಿನದ ಕೆಲಸವನ್ನು ಬಿಚ್ಚಿಸುತ್ತಿದ್ದರು. ಕಲಿಕೆ ಮುಗಿದ ದಿನ ಅವರು ನೀಲಾಳಿಗೆ ತಮ್ಮ ಕೈಬರಹದ ಕಾಗದವೊಂದನ್ನು ಕೊಟ್ಟಿದ್ದರು. ಮುಂದೆ ಗುಂಡಿ, ಮೈಮೇಲೂ ತೋಳುಗಳ ಮೇಲೂ ಜಡೆಯಂತೆ ಹೊರಳುವ ಹೆಣಿಗೆ ಇರುವ ಸ್ವೆಟರಿನ ಲೆಕ್ಕ ಅದರಲ್ಲಿತ್ತು. ಎಷ್ಟು ಕುಣಿಕೆ ಹಾಕಬೇಕು, ಎಷ್ಟನೆಯ ಸಾಲಿನಲ್ಲಿ ಜಡೆಯನ್ನು ತಿರುವಬೇಕು, ಎಲ್ಲವನ್ನೂ ಬರೆದಿದ್ದರು. ಆ ಕಾಗದ ಹಿಡಿದು ಅವಳು ಏಳು ಸ್ವೆಟರ್ ಹೆಣೆದಿದ್ದಳು. ಏಳರಲ್ಲೂ ಒಂದು ಕುಣಿಕೆಯೂ ಹೆಚ್ಚುಕಡಿಮೆ ಆಗಿರಲಿಲ್ಲ. ಅದು ಅವಳ ಹೆಮ್ಮೆ.

ಒಂದು ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕಾಲು ಮೆಲ್ಲಗೆ ಸುಧಾರಿಸಿತು. ಬಲಗೈ ಮಾತ್ರ ಬಿದ್ದೇ ಹೋಯಿತು. ಮೊದಲು ಅತ್ತೆ ದಿನಾ ಬೆಳಿಗ್ಗೆ ಜಗುಲಿಯ ಬಿಸಿಲಿಗೆ ಕೂತು, ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತ ಅವರೆಕಾಯಿ ಬಿಡಿಸುತ್ತಿದ್ದರು. ಈಗ ಶಾಲು ಹೊದ್ದರೆ ಜಾರುತ್ತಿತ್ತು. ಎಳೆದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

"ಬೆಳಿಗ್ಗೆ ನಿನ್ನಿಂದ ಸೀರೆ ಉಡಿಸಿಕೊಳ್ಳುವುದೇ ಸಾಕಾಗಿದೆ. ಶಾಲು ಜಾರಿದಾಗಲೆಲ್ಲ ನಿನ್ನನ್ನು ಕೂಗಲೇನು?" ಎಂದು ಅವರು ಒಳಕೋಣೆಯ ಕಂಬಳಿ ಬಿಟ್ಟು ಏಳುವುದನ್ನೇ ನಿಲ್ಲಿಸಿದರು. ಅವರ ಊಟ ಇಳಿಯಿತು. ಮಾತೂ ಇಳಿಯಿತು.

ನೀಲಾ ಕಾಗದ ತೆಗೆದು ಅತ್ತೆಗಾಗಿ ಎಂಟನೆಯ ಸ್ವೆಟರ್ ಹೆಣೆದಳು. ಒಂದು ತಿಂಗಳಿಗೆ ಮುಗಿಯಿತು. ಹಿಂದಿನ ಏಳಕ್ಕಿಂತ ಚೆನ್ನಾಗಿ ಬಂದಿತ್ತು. ಆದರೆ ತೊಡಿಸಲು ಹೋದಾಗ ಬಿದ್ದ ಕೈ ತೋಳಿನೊಳಗೆ ಇಳಿಯಲಿಲ್ಲ. ಅವಳು ಸ್ವಲ್ಪ ಎಳೆದಳು. ಅತ್ತೆ ನೋವಿನಿಂದ ಚೀರಿದರು. ಆಮೇಲೆ ಸ್ವೆಟರನ್ನು ಎಡಗೈಯಲ್ಲಿ ಸವರಿ, "ಚೆನ್ನಾಗಿದೆ ನೀಲಾ. ನಾನು ಹೋದ ಮೇಲೆ ನೀನೇ ತೊಟ್ಟುಕೋ" ಎಂದರು.

ನೀಲಾ ಅಡುಗೆಮನೆಗೆ ಹೋಗಿ ಅತ್ತಳು. ಒಂದು ಕ್ಷಣ ಅವಳಿಗೆ ಅತ್ತೆಯ ಮೇಲೆಯೇ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟಿದ್ದೇನೆ, ಸ್ವಲ್ಪ ತಡೆದುಕೊಳ್ಳಬಾರದಿತ್ತೇ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಮುಖ ತೊಳೆದುಕೊಂಡಳು.

ಮರುದಿನ ಬಲತೋಳನ್ನು ಬಿಚ್ಚಿದಳು. ಅದೊಂದನ್ನು ಅಗಲ ಮಾಡಿದರೆ ಆಯಿತು ಎಂದುಕೊಂಡಿದ್ದಳು. ತೋಳು ಅಗಲವಾಗಬೇಕಾದರೆ ಕಂಕುಳು ಅಗಲವಾಗಬೇಕಿತ್ತು. ಕಂಕುಳಿಗಾಗಿ ಭುಜವನ್ನು ಬಿಚ್ಚಬೇಕಾಯಿತು. ಭುಜ ಬಿಚ್ಚಿದ ಮೇಲೆ ಎದೆಯನ್ನೂ ಬೆನ್ನನ್ನೂ ಬಿಚ್ಚಿ, ಎದೆಯ ಜಡೆಗಳನ್ನು ಪಕ್ಕಕ್ಕೆ ಸರಿಸಬೇಕಾಯಿತು. ನೀನು ಹೆದರುತ್ತಿರುವಂತೆಯೇ ಆಯಿತು ನೋಡು. ಕಾಗದದ ಲೆಕ್ಕ ಒಂದೊಂದೇ ಸಾಲು ಕೈತಪ್ಪಿತು. ಅವಳಿಗೂ ಭಯವಾಯಿತು.

ಕಾಗದ ನೆರವಿಗೆ ಬರದಿದ್ದಾಗ ಅವಳು ಕಡ್ಡಿ, ನೂಲು ಹಿಡಿದು ಅತ್ತೆಯ ಮಂಚದ ಪಕ್ಕಕ್ಕೇ ಬಂದು ಕೂತಳು. ನಾಲ್ಕು ಸಾಲು ಹೆಣೆದು ಅತ್ತೆಯ ಮೈಮೇಲೆ ಇಟ್ಟು ನೋಡುವಳು. "ಇಲ್ಲಿ ಹಿಡಿಯುತ್ತದೆಯೇ ಅತ್ತೆ?" ಎಂದು ಕೇಳುವಳು. ಅತ್ತೆ ಮೊದಮೊದಲು ತಲೆಯಾಡಿಸುತ್ತಿದ್ದರು. ಆಮೇಲೆ ಬಾಯಿ ಬಿಟ್ಟರು. ಬಿದ್ದ ಕೈಯ ಮೇಲೆ ಜಡೆಯ ಉಬ್ಬು ಒತ್ತಿ ಕೆಂಪು ಬರೆ ಎದ್ದಿದ್ದನ್ನು ನೀಲಾ ಒಂದು ದಿನ ಕಂಡಳು. ಆ ತೋಳಿಗೆ ಜಡೆಯೇ ಬೇಡವೆಂದು ನುಣ್ಣಗೆ ಹೆಣೆಯತೊಡಗಿದಳು.

ಅತ್ತೆ ಕೇಳಿದರು: "ಎರಡು ತೋಳೂ ಒಂದೇ ಥರ ಇರಬೇಡವೇನೇ? ನೋಡಿದವರು ಏನಂದಾರು?"

"ನಿಮ್ಮ ಎರಡು ಕೈಯೂ ಒಂದೇ ಥರ ಇಲ್ಲವಲ್ಲ ಅತ್ತೆ" ಎಂದುಬಿಟ್ಟಳು ನೀಲಾ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಅವಳನ್ನೇ ನೋಡಿದರು. ಆಮೇಲೆ ನಕ್ಕರು. ಕಾಯಿಲೆ ಬಿದ್ದ ಮೇಲೆ ನೋಡಲು ಬಂದವರೆಲ್ಲ ಆ ಕೈ ಕಾಣದವರಂತೆ ಮಾತಾಡಿ ಹೋಗಿದ್ದರು. ಇರುವುದನ್ನು ಇದ್ದ ಹಾಗೆ ಹೇಳಿದವಳು ಇವಳೊಬ್ಬಳೇ. ಅಂದು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು.

ಬೆನ್ನಿನ ಭಾಗ ಹೆಣೆಯುವಾಗ ನೀಲಾಳಿಗೆ ದಣಿವಾಗಿತ್ತು. ಇಷ್ಟೆಲ್ಲ ಬದಲಿಸಿದ್ದೇನೆ, ಬೆನ್ನಿನ ಜಡೆಯನ್ನೂ ಕೈಬಿಟ್ಟರೆ ಯಾರು ನೋಡುತ್ತಾರೆ ಎಂದು ಒಂದು ಗೇಣು ನುಣ್ಣಗೆ ಹೆಣೆದಳು. ಎಂದಿನಂತೆ ಅತ್ತೆಯ ಬೆನ್ನಿಗೆ ಹಿಡಿದು ನೋಡಿದಳು. ಅಲ್ಲಿ ಒತ್ತುವಂಥದ್ದು ಏನೂ ಇರಲಿಲ್ಲ. ಜಡೆ ಇದ್ದರೆ ಬೆನ್ನು ಇನ್ನಷ್ಟು ಬೆಚ್ಚಗಿರುತ್ತಿತ್ತು. ಈ ಬದಲಾವಣೆ ಅತ್ತೆಗಾಗಿ ಮಾಡಿದ್ದಲ್ಲ, ತನ್ನ ಸೋಮಾರಿತನಕ್ಕೆ ಮಾಡಿದ್ದು ಎಂದು ಅವಳಿಗೆ ತಿಳಿಯಿತು. ಆ ಒಂದು ಗೇಣನ್ನು ಬಿಚ್ಚಿ, ಕಾಗದದಲ್ಲಿ ಇದ್ದಂತೆ ಪ್ರತಿ ಆರನೆಯ ಸಾಲಿಗೂ ಜಡೆ ತಿರುವಿ ಹೆಣೆದಳು.

ಕೊನೆಗೆ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವಂಥ ದೊಡ್ಡ ಗುಂಡಿಗಳನ್ನು ಹೊಲಿದಳು.

ಒಂದು ಬೆಳಿಗ್ಗೆ ಅವಳು ಕಾಫಿ ತೆಗೆದುಕೊಂಡು ಹೋದಾಗ ಮಂಚ ಖಾಲಿ ಇತ್ತು. ಗಾಬರಿಯಿಂದ ಹೊರಗೆ ಓಡಿದಳು. ಅತ್ತೆ ಎಡಗೈಯಿಂದ ಬಲಗೈಯನ್ನು ತೋಳಿಗೆ ಇಳಿಸಿಕೊಂಡು, ತಾವೇ ಸ್ವೆಟರ್ ತೊಟ್ಟು ಜಗುಲಿಯಲ್ಲಿ ಕೂತಿದ್ದರು. ಮಡಿಲಲ್ಲಿ ಅವರೆಕಾಯಿ ಇತ್ತು. ಒಂದು ಗುಂಡಿ ತಪ್ಪು ಕಾಜಕ್ಕೆ ಸಿಕ್ಕಿ ಸ್ವೆಟರ್ ಒಂದು ಕಡೆ ಮೇಲಾಗಿತ್ತು. ನೀಲಾ ಅದನ್ನು ಸರಿಮಾಡಲು ಹೋಗಲಿಲ್ಲ. ಕಾಫಿಯನ್ನು ಪಕ್ಕದಲ್ಲಿಟ್ಟು ತಾನೂ ಕಾಯಿ ಬಿಡಿಸಲು ಕೂತಳು.

ಆ ತಿಂಗಳಲ್ಲೇ ಟೀಚರ್ ಅವಳ ಮನೆಗೆ ಬಂದರು. ವಯಸ್ಸಾಗಿತ್ತು. ಕಣ್ಣು ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಜಗುಲಿ ಹತ್ತುತ್ತಲೇ ಸ್ವೆಟರ್ ನೋಡಿದರು. ಅತ್ತೆಯ ಪಕ್ಕ ಕೂತು ಅಂಚನ್ನು ಮಡಚಿ ಬೆರಳಿನಿಂದ ಕುಣಿಕೆ ಎಣಿಸಿದರು. ನುಣ್ಣನೆಯ ತೋಳನ್ನು ಮುಟ್ಟಿ ನೋಡಿದರು.

"ಟೀಚರ್, ನೀವು ಬರೆದುಕೊಟ್ಟಂತೆ ಹೆಣೆಯಲು ನನ್ನಿಂದ ಆಗಲಿಲ್ಲ" ಎಂದಳು ನೀಲಾ.

ಟೀಚರ್ ಕೈ ಆ ತೋಳಿನ ಮೇಲೆಯೇ ಇತ್ತು.

"ಆ ಲೆಕ್ಕ ನನ್ನ ಅಕ್ಕನ ಮೈ ಅಳತೆಗೆ ಬರೆದದ್ದು ಮಗಳೇ" ಎಂದರು. "ಅವಳಿಗೆ ಚಳಿ ತಡೆಯಲು ಆಗುತ್ತಿರಲಿಲ್ಲ. ಅವಳನ್ನು ಕೂರಿಸಿಕೊಂಡು, ಹದಿನಾರು ಸಲ ಬಿಚ್ಚಿ ಹೆಣೆದು, ಆಮೇಲೆ ಬರೆದಿಟ್ಟೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಗುರುಗಳೇ, ಮುಂದೆ ಅವಳು ಇನ್ನೊಬ್ಬರಿಗೆ ಹೆಣೆಯುವಾಗ ಯಾವುದನ್ನು ನೋಡಿಕೊಂಡು ಹೆಣೆಯಬೇಕು? ಟೀಚರ್ ಬರೆದದ್ದನ್ನೋ, ತಾನು ಬದಲಿಸಿದ್ದನ್ನೋ?"

ಗುರುಗಳು ಹೇಳಿದರು: "ಚಳಿಯಲ್ಲಿ ನಡುಗುತ್ತಿರುವವರನ್ನು."