ಹದ್ದು ಓಡಿಸುವ ಮಂತ್ರ

"ಮಂತ್ರ ಸುಮ್ಮನೆ ಸಿದ್ಧಿಸುವುದಿಲ್ಲ ಮಗಳೇ. ನಲವತ್ತು ದಿನ ಬೆಳಗ್ಗೆ ರೆಕ್ಕೆ ಹರಡಿ, ಮರಿಗಳನ್ನೆಲ್ಲ ಅದರಡಿಗೆ ಕರೆದು, ನೂರೆಂಟು ಸಲ ಜಪಿಸಬೇಕು," ಎಂದಿತ್ತು ಅಜ್ಜಿಕೋಳಿ.

"ಅದೆಲ್ಲ ಹಳೇ ಕಾಲದ ರಗಳೆ. ಈಗ ಮೂರಕ್ಷರ ಬಾಯಿಪಾಠವಾದರೆ ಸಾಕು," ಎಂದು ಗಿಳಿ ಹೇಳಿಕೊಟ್ಟಿತು. ಹೇಂಟೆ ಹಿಗ್ಗಿತು. ಬೆಳಗಿನ ಹೊತ್ತೆಲ್ಲ ತಿಪ್ಪೆ ಕೆದಕಲು ಉಳಿಯಿತಲ್ಲ!

ಮೂರನೆಯ ದಿನವೇ ಹದ್ದು ಎರಗಿತು. ಹೇಂಟೆ ಕಣ್ಣು ಮುಚ್ಚಿ, ಒಂದಕ್ಷರವೂ ತಪ್ಪದಂತೆ ಮಂತ್ರ ಹೇಳಿತು. ಕಣ್ಣು ಬಿಟ್ಟಾಗ ಕಿರಿಮರಿ ಇರಲಿಲ್ಲ.

ಗಿಳಿಯನ್ನು ಬೈದು, ಮಂತ್ರವನ್ನು ಶಪಿಸಿ, ಅತ್ತು ಸುಸ್ತಾದ ಮೇಲೆ ಹೇಂಟೆ ಉಳಿದ ಮರಿಗಳನ್ನು ಕೇಳಿತು: "ಹದ್ದು ಬಂದಾಗ ನೀವೆಲ್ಲ ಓಡಿ ಬರಬಾರದಿತ್ತೇ?"

ಮರಿಗಳು ಒಂದರ ಮುಖವನ್ನೊಂದು ನೋಡಿಕೊಂಡವು.

"ಎಲ್ಲಿಗೆ ಬರಬೇಕಿತ್ತಮ್ಮ?"